ಒಂದು ದಾರ, ಒಂದು ಕಡ್ಡಿ, ಒಂದು ಕರು

ಎರಡು ವರ್ಷದ ಮಗು ಇರುವ ಯಾವ ಮನೆಗಾದರೂ ಹೋಗಿ ನೋಡಿ, ಒಂದು ಬಟ್ಟೆ ಇದ್ದೇ ಇರುತ್ತದೆ. ಅಮ್ಮನ ಹಳೇ ವಾಯಿಲ್ ಸೀರೆಯ ತುಂಡೋ, ಅಜ್ಜಿಯ ಹರಿದ ಸೆರಗೋ, ಅಂಚು ಬಿಟ್ಟುಹೋದ ಟವಲ್ಲೋ. ಬಣ್ಣ ಎಂದೋ ಹೋಗಿರುತ್ತದೆ, ಜೊಲ್ಲಿನ ವಾಸನೆ ಮಾತ್ರ ಉಳಿದಿರುತ್ತದೆ. ಆದರೂ ಅದಿಲ್ಲದೆ ಮಗು ಮಲಗುವುದಿಲ್ಲ. ಚಿಂತಾಮಣಿಯ ನಮ್ಮ ದೊಡ್ಡಮ್ಮನ ಮೊಮ್ಮಗ ಒಮ್ಮೆ ಅಂಥದ್ದೊಂದು ಸೀರೆ ತುಂಡನ್ನು ನೆಂಟರ ಮನೆಯಲ್ಲಿ ಬಿಟ್ಟು ಬಂದ. ಅದನ್ನು ತರಲು ಅವನ ಅಪ್ಪ ಮಾರನೇ ದಿನ ಬೆಳಿಗ್ಗೆಯೇ ಗೌರಿಬಿದನೂರಿನ ಬಸ್ಸು ಹತ್ತಿದರು. ಅಂಗಡಿಯಿಂದ ತಂದ ಹೊಸ ಗೊಂಬೆ ಮೂಲೆಯಲ್ಲೇ ಬಿದ್ದಿತ್ತು.

ಇದು ಮಗುವಿನ ಹಟ ಅಲ್ಲ. ಬ್ರಿಟನ್ನಿನ ಮಕ್ಕಳ ವೈದ್ಯ ಮತ್ತು ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1951ರಲ್ಲೇ ಈ ಬಟ್ಟೆಯ ಬಗ್ಗೆ ಗಂಭೀರವಾಗಿ ಮಾತಾಡಿ, ಅದಕ್ಕೆ 'ಟ್ರಾನ್ಸಿಷನಲ್ ಆಬ್ಜೆಕ್ಟ್' ಅಂತ ಹೆಸರಿಟ್ಟರು. ತಾನು ಬೇರೆ, ಅಮ್ಮ ಬೇರೆ ಅಂತ ಮಗುವಿಗೆ ಗೊತ್ತಾಗುವ ಹೊತ್ತಿನಲ್ಲಿ ಕೈಗೆ ಸಿಗುವ ಆಸರೆ ಅದು. 1958ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೊ ಕೋತಿಮರಿಗಳ ಮುಂದೆ ಎರಡು ಸುಳ್ಳು ಅಮ್ಮಂದಿರನ್ನಿಟ್ಟ ಪ್ರಯೋಗದ ವಿವರ ಪ್ರಕಟಿಸಿದರು. ತಂತಿಯ ಅಮ್ಮನಲ್ಲಿ ಹಾಲಿತ್ತು, ಬಟ್ಟೆ ಸುತ್ತಿದ ಅಮ್ಮನಲ್ಲಿ ಏನೂ ಇರಲಿಲ್ಲ. ಮರಿಗಳು ಹಾಲು ಕುಡಿಯಲು ಮಾತ್ರ ತಂತಿಯ ಹತ್ತಿರ ಹೋಗಿ, ದಿನದ ಹೆಚ್ಚು ಹೊತ್ತು ಬಟ್ಟೆಯನ್ನೇ ಅಪ್ಪಿಕೊಂಡಿದ್ದವು. ತಾಯಿಂದ ಬೇರ್ಪಟ್ಟ ಆ ಮರಿಗಳನ್ನು ನೆನೆದರೆ ಬೇಸರವಾಗುತ್ತದೆ. ಆದರೆ ಮೆತ್ತಗಿನ ಬಟ್ಟೆ ಅಂದರೆ ಏನು ಅಂತ ಅವು ತೋರಿಸಿಕೊಟ್ಟವು.

ಹೊರದೇಶಗಳಲ್ಲಿ ಇದೇ ಬಟ್ಟೆಯನ್ನು ಕ್ರೋಶಾದಲ್ಲಿ ಹೆಣೆದು, ನಡುವೆ ಒಂದು ಪ್ರಾಣಿಯ ತಲೆ ಕೂರಿಸುತ್ತಾರೆ. ಅರ್ಧ ಗೊಂಬೆ, ಅರ್ಧ ಕರವಸ್ತ್ರ. 'ಸೆಕ್ಯುರಿಟಿ ಬ್ಲಾಂಕೆಟ್' ಅನ್ನುತ್ತಾರೆ. ಹೊದ್ದುಕೊಳ್ಳಲು ಸಾಲದ ಅಂಗೈ ಅಗಲದ ಬಟ್ಟೆಗೆ ಬ್ಲಾಂಕೆಟ್ ಅನ್ನಲು ನನಗೆ ಬಾಯಿ ಬರುವುದಿಲ್ಲ, ಅಪ್ಪುಗೆ ಬಟ್ಟೆ ಅಂದುಕೊಂಡಿದ್ದೇನೆ. ಅಕ್ಕನ ಮಗುವಿನ ನಾಮಕರಣಕ್ಕೆ ಒಂದು ಮಾಡಿಕೊಟ್ಟೆ. ಕ್ರೋಶಾ ಕಲಿಯಬೇಕು ಅನ್ನುವವರಿಗೆ ಮೊದಲ ಕೆಲಸವಾಗಿ ಇದಕ್ಕಿಂತ ಒಳ್ಳೆಯದು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಸ್ವೆಟರ್ ಶುರು ಮಾಡಿದವರು ತೋಳು ಬರುವಷ್ಟರಲ್ಲಿ ಬಿಟ್ಟಿರುತ್ತಾರೆ. ಇದು ಚಿಕ್ಕದು, ಒಂದೆರಡು ಭಾನುವಾರಗಳಲ್ಲಿ ಮುಗಿಯುತ್ತದೆ, ಅಳತೆ ಸ್ವಲ್ಪ ಆಚೀಚೆಯಾದರೂ ಹಾಕಿಕೊಳ್ಳುವವರ ಮೈಗೆ ಕೂರಬೇಕಿಲ್ಲ.

ಕ್ರೋಶಾ ನಮಗೆ ಹೊಸದೇನಲ್ಲ. ಟಿವಿ ದಪ್ಪಗಿದ್ದ ಕಾಲದಲ್ಲಿ ಅದರ ಮೇಲೆ ಹಾಸಿದ ಬಿಳಿ ಜಾಲರಿ, ಬಾಗಿಲ ತೋರಣ, ಕೂಸಿನ ಕುಲಾವಿ ಎಲ್ಲ ಇದೇ. ಫ್ರೆಂಚಿನಲ್ಲಿ ಕ್ರೋಶೆ ಅಂದರೆ ಸಣ್ಣ ಕೊಕ್ಕೆ. ಸ್ವೆಟರ್ ಹೆಣಿಗೆಗೆ ಎರಡು ಕಡ್ಡಿ ಬೇಕು, ಹತ್ತಾರು ಕುಣಿಕೆಗಳು ಕಡ್ಡಿಯ ಮೇಲೇ ಕಾಯುತ್ತಿರುತ್ತವೆ, ಒಂದು ಜಾರಿದರೆ ಏಣಿಯಂತೆ ಕೆಳಗಿನವರೆಗೂ ಬಿಚ್ಚುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದು ಹೆಣಿಗೆ ಮುಗಿದಾಗ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಬೇಡ ಅನಿಸಿದರೆ ದಾರ ಎಳೆಯಿರಿ, ಬೇಕಾದಲ್ಲಿ ನಿಲ್ಲಿಸಿ, ಅಲ್ಲಿಂದಲೇ ಮುಂದುವರಿಸಿ. ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಾದ ರೇಷ್ಮೆಹುಳು ಚಂದ್ರಿಕೆಯ ಮೇಲೆ ಎರಡು ಮೂರು ದಿನ ತಲೆಯನ್ನು ಇಂಗ್ಲಿಷಿನ ಎಂಟರಂತೆ ಆಡಿಸುತ್ತಾ ಒಂದೇ ಎಳೆಯಲ್ಲಿ ಗೂಡು ಕಟ್ಟುತ್ತದೆ. ರೀಲರುಗಳು ಬಿಸಿನೀರಿನಲ್ಲಿ ಅದೇ ಎಳೆಯ ತುದಿ ಹಿಡಿದು ಬಿಚ್ಚುತ್ತಾರೆ. ಕಟ್ಟುವುದೂ ಒಂದೇ ಎಳೆ, ಬಿಚ್ಚುವುದೂ ಒಂದೇ ಎಳೆ.

ಹಾಗಂತ ರೇಷ್ಮೆ ದಾರ ತಂದು ಕೂರಬೇಡಿ. ಕಡ್ಡಿಯಿಂದ ಜಾರುತ್ತದೆ, ದಿನಾ ಒಗೆತಕ್ಕೆ ಆಗುವುದಲ್ಲ. ನಮ್ಮ ಫ್ಯಾನ್ಸಿ ಸ್ಟೋರುಗಳಲ್ಲಿ 'ಉಲ್ಲನ್' ಅಂತ ಕೊಡುವುದು ಹೆಚ್ಚಾಗಿ ಆಕ್ರಿಲಿಕ್. ಅಗ್ಗ, ಬಣ್ಣ ಚೆಂದ, ಕುಲಾವಿಗೆ ಸಾಕು. ಬಾಯಿಗೆ ಹಾಕಿಕೊಳ್ಳುವ ವಸ್ತುವಿಗೆ ನನ್ನ ಮತ ಹತ್ತಿ ದಾರಕ್ಕೆ. ಅದು ಎಳೆ ಕೀಳುವುದು ಕಡಿಮೆ, ಬಿಸಿನೀರಿಗೆ ಹೆದರುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಸಿಗದಿದ್ದರೆ ಬೆಂಗಳೂರಿನ ಚಿಕ್ಕಪೇಟೆ ಕಡೆ ಹೋಗುವವರಿಗೆ ಹೇಳಿ ತರಿಸಿ. ತಿಳಿ ಬಣ್ಣ ಆರಿಸಿ, ಕಪ್ಪು ದಾರದಲ್ಲಿ ಕುಣಿಕೆ ಕಾಣದೆ ಕಲಿಯುವವರ ಕಣ್ಣು ಸೋಲುತ್ತದೆ. ನಾಲ್ಕು ಮಿಲಿಮೀಟರಿನ ಕಡ್ಡಿ, ಮಧ್ಯಮ ದಪ್ಪದ ದಾರ ಒಂದೂವರೆ ನೂರು ಗ್ರಾಂ, ದಬ್ಬಣ, ಕತ್ತರಿ, ಒಂದೆರಡು ಸೇಫ್ಟಿ ಪಿನ್ನು. ಇಷ್ಟೇ ಸಾಮಾನು.

ಮೊದಲು ಬಟ್ಟೆ. ಚೈನು ಹಾಕುವುದನ್ನು ಒಂದು ಸಂಜೆ ಸುಮ್ಮನೆ ಅಭ್ಯಾಸ ಮಾಡಿ, ಕುಣಿಕೆಗಳು ಒಂದೇ ಗಾತ್ರ ಬರುವವರೆಗೆ. ಆಮೇಲೆ 49 ಚೈನು ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಕಡ್ಡಿ ತೂರಿಸಿ, ದಾರ ಎಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆಗಳ ಮೂಲಕ ಮತ್ತೊಮ್ಮೆ ದಾರ ಎಳೆಯಿರಿ. ಇದು ಸಿಂಗಲ್ ಕ್ರೋಶೆ. ಸಾಲಿನ ಕೊನೆಗೆ 48 ಬರಬೇಕು. ಒಂದು ಚೈನು ಹಾಕಿ ತಿರುಗಿಸಿ, ಮತ್ತೆ 48. ಚೌಕ ಆಯಿತೇ ಅಂತ ನೋಡಲು ಸ್ಕೇಲು ಬೇಡ. ಮೂಲೆಯಿಂದ ಮೂಲೆಗೆ ಮಡಚಿದಾಗ ಅಂಚುಗಳು ಕೂಡಿದರೆ ಆಯಿತು. ನನ್ನ ಕೈಬಿಗಿಗೆ ಸುಮಾರು ಒಂದು ಅಡಿ ಅಗಲ ಬಂತು. ನಿಮ್ಮದು ಎರಡು ಬೆರಳು ಹೆಚ್ಚು ಕಡಿಮೆ ಆಗಬಹುದು. ಕಲಿಯುವವರ ಚೌಕ ಮೇಲೆ ಹೋದಂತೆ ಸಮೋಸದ ಆಕಾರ ತಾಳುವುದು ಸಾಮಾನ್ಯ. ಸಾಲಿನ ಕೊನೆಯ ಕುಣಿಕೆ ಕಣ್ಣಿಗೆ ಬೀಳದೆ ಬಿಟ್ಟುಹೋಗುವುದೇ ಇದಕ್ಕೆ ಕಾರಣ. ಮೊದಲ ಮತ್ತು ಕೊನೆಯ ಹೆಣಿಗೆಗೆ ಪಿನ್ನು ಸಿಕ್ಕಿಸಿ, ಪ್ರತಿ ಸಾಲೂ ಎಣಿಸಿ. ಈ ಚೌಕದಲ್ಲಿ ಸುಮಾರು ಎರಡೂವರೆ ಸಾವಿರ ಹೆಣಿಗೆ ಬೀಳುತ್ತದೆ. ಎಣಿಸುತ್ತಾ ಕೂತವನಿಗೆ ಫೋನ್ ನೆನಪಾಗುವುದಿಲ್ಲ. ಸೆಮಿಸ್ಟರ್ ಪರೀಕ್ಷೆಗಳ ನಡುವಿನ ರಜೆಗೆ ಹೇಳಿ ಮಾಡಿಸಿದ ಕೆಲಸ.

ವಿಡಿಯೊ ನೋಡಿ ಕಲಿಯುವವರು ಒಂದು ಗಮನಿಸಿ. ಅಮೆರಿಕದವರು ಸಿಂಗಲ್ ಅನ್ನುವುದನ್ನು ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ಯಾವ ದೇಶದ ವಿಡಿಯೊ ಅಂತ ನೋಡಿಕೊಳ್ಳದಿದ್ದರೆ ಪ್ರಾಣಿಯ ತಲೆ ಜರಡಿ ಆಗುತ್ತದೆ.

ಈಗ ತಲೆ. ಎಂಜಿನಿಯರಿಂಗ್ ಓದುವವನಿಗೆ ಇಲ್ಲಿ ಹಬ್ಬ. ದಾರದ ಉಂಗುರದಲ್ಲಿ ಆರು ಹೆಣಿಗೆ ಹಾಕಿ. ಮುಂದಿನ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು, 12 ಆಯಿತು. ಆಮೇಲೆ ಒಂದು ಬಿಟ್ಟು ಒಂದರಲ್ಲಿ ಎರಡು, 18. ಹೀಗೇ 24, 30. ಪ್ರತಿ ಸುತ್ತಿಗೂ ಆರೇ ಯಾಕೆ ಹೆಚ್ಚಬೇಕು? ವೃತ್ತದ ತ್ರಿಜ್ಯ ಒಂದು ಅಳತೆ ಹೆಚ್ಚಿದರೆ ಪರಿಧಿ 2π, ಅಂದರೆ 6.28 ಅಳತೆ ಹೆಚ್ಚುತ್ತದೆ. ಸಿಂಗಲ್ ಕ್ರೋಶೆಯ ಎತ್ತರ ಅಗಲ ಹೆಚ್ಚುಕಡಿಮೆ ಒಂದೇ ಆದ್ದರಿಂದ ಸುತ್ತಿಗೆ ಆರು ಸೇರಿಸಿದರೆ ತಟ್ಟೆ ಮಟ್ಟಸವಾಗಿ ಕೂರುತ್ತದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ 2πr ಬೆರಳಿಗೆ ತಾಗಿದ್ದು ನನಗೆ ಇಲ್ಲೇ. ಆರಕ್ಕಿಂತ ಕಡಿಮೆ ಸೇರಿಸಿದರೆ ಬಟ್ಟಲಾಗುತ್ತದೆ, ಹೆಚ್ಚು ಸೇರಿಸಿದರೆ ಕೋಳಿಜುಟ್ಟು ಹೂವಿನ ಅಂಚಿನಂತೆ ಮಡಿಕೆ ಮಡಿಕೆಯಾಗಿ ಸುರುಟುತ್ತದೆ. ಆ ಸುರುಟುವಿಕೆಯೂ ವ್ಯರ್ಥವಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಬೇಕೆಂದೇ ಹೆಚ್ಚು ಹೆಚ್ಚು ಹೆಣಿಗೆ ಸೇರಿಸುತ್ತಾ ಹೋಗಿ, ಹೈಪರ್ಬೋಲಿಕ್ ಜ್ಯಾಮಿತಿಯ ಮಾದರಿಗಳನ್ನು ಕ್ರೋಶಾದಲ್ಲಿ ಮಾಡಿದರು. ಕಾಗದದ ಮೇಲೆ ಬಿಡಿಸಿ ತೋರಿಸಲು ಕಷ್ಟವಾದ ಮೇಲ್ಮೈಯನ್ನು ವಿದ್ಯಾರ್ಥಿಗಳು ಕೈಯಲ್ಲೇ ಮುಟ್ಟಿ ನೋಡಿದರು. 'ಈ ಲೆಕ್ಕ ಎಲ್ಲಿಗೆ ಬರುತ್ತೆ ಸಾರ್' ಅಂತ ಕೇಳುವವರಿಗೆ ಇದೊಂದು ಉತ್ತರ.

ತಲೆಗೆ ನಮಗೆ ಬೇಕಾದದ್ದು ಬಟ್ಟಲೇ. 30ರಲ್ಲಿ ನಿಲ್ಲಿಸಿ ಆರು ಸುತ್ತು ಹೆಚ್ಚಿಸದೆ ಹೆಣೆಯಿರಿ. ಆಮೇಲೆ ಎರಡು ಹೆಣಿಗೆ ಸೇರಿಸಿ ಒಂದು ಮಾಡುತ್ತಾ 24, 18ಕ್ಕೆ ಇಳಿಸಿ, ಒಳಗೆ ಪಾಲಿಯೆಸ್ಟರ್ ಫೈಬರ್ ಗಟ್ಟಿಯಾಗಿ ತುಂಬಿ, 12, 6 ಮಾಡಿ ಬಾಯಿ ಮುಚ್ಚಿ. ಮನೆಯಲ್ಲಿ ಬೂರುಗದ ಹತ್ತಿ ಇದೆ ಅಂತ ತುಂಬಬೇಡಿ, ಒಗೆದ ಮೇಲೆ ಉಂಡೆಕಟ್ಟುತ್ತದೆ.

ಪ್ರಾಣಿ ಯಾವುದು ಅಂತ ತೀರ್ಮಾನಿಸುವುದು ಕಿವಿ. ಒಂದೇ ತಲೆಗೆ ಉದ್ದ ಪಟ್ಟಿ ಹೊಲಿದರೆ ಮೊಲ, ಮೇಲೆ ಗುಂಡಗೆ ಎರಡು ಇಟ್ಟರೆ ಕರಡಿ, ಬೀಸಣಿಗೆಯಂಥವನ್ನು ಹೊಲಿದು ಸೊಂಡಿಲು ಸೇರಿಸಿದರೆ ಆನೆ. ಎಲ್ಲರೂ ಮೊಲವನ್ನೇ ಮಾಡುತ್ತಾರೆ. ನಾನು ಕರು ಮಾಡಿದೆ. ಎಲೆಯಂಥ ಕಿವಿಗಳನ್ನು ಪಕ್ಕಕ್ಕೆ ಬಾಗಿಸಿ, ಮೂತಿಗೆ ತಿಳಿ ಗುಲಾಬಿಯ ಚಿಕ್ಕ ತಟ್ಟೆ. ನಂದಿ ಬೆಟ್ಟದ ಕೆಳಗೆ ಹುಟ್ಟಿದ ಕೂಸಿಗೆ ಅದಕ್ಕಿಂತ ಹತ್ತಿರದ ಪ್ರಾಣಿ ಯಾವುದು? ಅಜ್ಜಿ ಮಾತ್ರ 'ಇದ್ಯಾವ ನಾಯಿಯೋ' ಅಂದರು. ಹಣೆಗೆ ಬಿಳಿ ಬೊಟ್ಟು ಇಟ್ಟ ಮೇಲೆ ಒಪ್ಪಿಕೊಂಡರು.

ತಲೆಯನ್ನು ಚೌಕದ ನಡುವಿಗೆ ಇಟ್ಟು, ದಾರದ ತುದಿಯಿಂದ ಎರಡು ಸುತ್ತು ಹೊಲಿದರೆ ಬಟ್ಟೆ ಮುಗಿಯಿತು. ಆದರೆ ಈ ಕೆಲಸದಲ್ಲಿ ಸಲಿಗೆ ತೋರಿಸಬಾರದ ಭಾಗ ಒಂದಿದೆ. ಅಂಗಡಿಯಲ್ಲಿ 'ಸೇಫ್ಟಿ ಐಸ್' ಅಂತ ಪ್ಲಾಸ್ಟಿಕ್ ಕಣ್ಣು ಸಿಗುತ್ತವೆ. ಹೆಸರು ನೋಡಿ ಮೋಸಹೋಗಬೇಡಿ. ಮೂರು ವರ್ಷದ ಕೆಳಗಿನ ಮಕ್ಕಳ ಕೈಗೆ ಅವು ಬೇಡ. ಗುಂಡಿ, ಮಣಿ, ಗೆಜ್ಜೆಯೂ ಬೇಡ. ಹಲ್ಲು ಬರುವ ಮಗು ಕಚ್ಚಿ ಎಳೆಯುತ್ತದೆ, ಕಿತ್ತು ಬಂದದ್ದು ಗಂಟಲಿಗೆ ಹೋಗುತ್ತದೆ. ಕಣ್ಣನ್ನು ಕಪ್ಪು ದಾರದಲ್ಲೇ ಕಸೂತಿ ಮಾಡಿ. ಅಂಚಿಗೆ ಕುಚ್ಚು ಬಿಡಬೇಡಿ, ಜಾಲರಿಯಂಥ ದೊಡ್ಡ ತೂತಿನ ಹೆಣಿಗೆ ಬೇಡ, ಅದರಲ್ಲಿ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಕೊಡುವ ಮೊದಲು ಕಿವಿಗಳನ್ನು ಬಲವಾಗಿ ಎಳೆದು ನೋಡಿ.

ಇನ್ನೊಂದು ಮಾತು ಬಾಣಂತಿ ಮನೆಯವರಿಗೆ ಬಾಯಿಬಿಟ್ಟು ಹೇಳಲೇಬೇಕು. ಒಂದು ವರ್ಷ ತುಂಬುವವರೆಗೆ ಮಗು ಮಲಗುವ ಜಾಗದಲ್ಲಿ ಮೆತ್ತನೆ ಗೊಂಬೆ, ದಿಂಬು, ಸಡಿಲ ಹೊದಿಕೆ ಇಡಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಮುಖದ ಮೇಲೆ ಬಿದ್ದರೆ ಎಳೆಕೂಸಿಗೆ ಸರಿಸಿಕೊಳ್ಳಲು ಬರುವುದಿಲ್ಲ, ಉಸಿರು ಕಟ್ಟುತ್ತದೆ. ನಾಮಕರಣದ ದಿನ ಉಡುಗೊರೆ ಬಂದದ್ದೆಲ್ಲ ತೊಟ್ಟಿಲಿಗೇ ಹಾಕಿ ಫೋಟೊ ತೆಗೆಯುವುದು ನಮ್ಮಲ್ಲಿ ಮಾಮೂಲು. ಫೋಟೊ ಆದ ಮೇಲೆ ತೆಗೆದುಬಿಡಿ. ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರು ಆಡಲು ಕೊಡಿ. ನಿದ್ದೆಗೆ ಜೊತೆಯಾಗುವುದು ಮೊದಲ ಹುಟ್ಟುಹಬ್ಬದ ಮೇಲೆ.

ನಾನು ಇದನ್ನು ಹೆಣೆಯುತ್ತಿದ್ದಾಗ 'ಹುಡುಗ ಹೆಣ್ಮಕ್ಕಳ ಕೆಲಸ ಹಿಡ್ಕೊಂಡವ್ನೆ' ಅಂದವರು ಕಡಿಮೆಯಿಲ್ಲ. ಅದನ್ನು ಹೇಳಿದವರ ಶರ್ಟು ಹೊಲಿದ ಟೈಲರ್ ಗಂಡಸು, ಅವರ ಮನೆಯ ಮದುವೆ ಸೀರೆ ನೇಯ್ದವರೂ ಗಂಡಸರೇ ಇರಬಹುದು. ಆದರೆ ಆ ಮಾತಿನ ಹಿಂದೆ ಬೇರೊಂದು ಲೆಕ್ಕ ಇದೆ. ಹೆಣ್ಮಕ್ಕಳ ಕೆಲಸ ಅಂದರೆ ಬಿಡುವಿನ ಕೆಲಸ, ಅದಕ್ಕೆ ಕೂಲಿ ಕೇಳಬಾರದು ಅನ್ನುವುದು. ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ ಸಾವಿರಾರು ಹೆಂಗಸರು ತಲೆಮಾರುಗಳಿಂದ ಕ್ರೋಶಾ ಲೇಸು ಹೆಣೆದು ಹೊರದೇಶಗಳಿಗೆ ಕಳಿಸುತ್ತಿದ್ದಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ದಿನಕ್ಕೆ ಗಂಟೆಗಟ್ಟಲೆ ದುಡಿದರೂ ಅವರನ್ನು ಕೆಲಸಗಾರರು ಅನ್ನದೆ ಗೃಹಿಣಿಯರು ಅಂತ ಕರೆದದ್ದರಿಂದಲೇ ಕೂಲಿ ಅಷ್ಟು ಕಡಿಮೆ ಇತ್ತು ಅನ್ನುವುದು ಅವರ ವಾದ. ನರಸಾಪುರದ ಲೇಸಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು.

ಕೆಲಸ ಹುಡುಕುತ್ತಾ ಮನೆಯಲ್ಲಿರುವ ಗೆಳೆಯ ಗೆಳತಿಯರು ಇನ್‌ಸ್ಟಾಗ್ರಾಮಿನಲ್ಲಿ ಇಂಥದ್ದನ್ನು ಮಾರುವ ಯೋಚನೆ ಮಾಡುತ್ತಾರೆ. ಮಾಡಲಿ. ಆದರೆ ಕಾಗದದ ಮೇಲೆ ಲೆಕ್ಕ ಬರೆದು ಮಾಡಲಿ. ಒಂದು ಅಪ್ಪುಗೆ ಬಟ್ಟೆಗೆ ಹತ್ತು ಗಂಟೆ ಹಿಡಿಯಿತು, ಗಂಟೆಗೆ 60 ರೂಪಾಯಿ ಅಂದುಕೊಳ್ಳಿ, 600. ದಾರ, ಫೈಬರ್ 250. ಅಲ್ಲಿಗೆ 850, ಕೊರಿಯರ್ ಬೇರೆ. ಗಿರಾಕಿ ಮಿಷನ್ ಹೊಲಿಗೆಯ ಗೊಂಬೆ ತೋರಿಸಿ 200ಕ್ಕೆ ಕೇಳುತ್ತಾರೆ. 200ಕ್ಕೆ ಒಪ್ಪಿದರೆ ದಾರದ ದುಡ್ಡೂ ಹುಟ್ಟುವುದಿಲ್ಲ. ಕ್ರೋಶಾ ಹೆಣಿಗೆಯನ್ನು ಕೈಯಂತೆಯೇ ಹಾಕಿಕೊಡುವ ಯಂತ್ರ ಕಾರ್ಖಾನೆಗಳಿಗೆ ಇನ್ನೂ ಬಂದಿಲ್ಲ, ಆದ್ದರಿಂದ ಹತ್ತು ಗಂಟೆಯನ್ನು ಒಂದು ಗಂಟೆ ಮಾಡುವ ಉಪಾಯವೂ ಇಲ್ಲ. ನನಗೆ ತೋಚುವುದು, ಬೆಲೆ ಇಳಿಸುವುದಕ್ಕಿಂತ ಉಡುಗೊರೆಯಾಗಿ ಸುಮ್ಮನೆ ಕೊಟ್ಟುಬಿಡುವುದು ಮೇಲು.

ಕಾನೂನೂ ಒಂದಿದೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯ. ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ಇದರಿಂದ ವಿನಾಯಿತಿ ಇದೆ. ಹತ್ತಾರು ಆರ್ಡರ್ ಹಿಡಿಯುವ ಮೊದಲು ಆ ನೋಂದಣಿ ವಿಚಾರಿಸಿಕೊಳ್ಳಿ.

ಕೊನೆಯದಾಗಿ, ದಾರ ಕೊಳ್ಳುವಾಗಲೇ ಎರಡಕ್ಕೆ ಆಗುವಷ್ಟು ಕೊಳ್ಳಿ, ಒಂದೇ ಬಣ್ಣದ್ದು, ಸಾಧ್ಯವಾದರೆ ಒಂದೇ ಲಾಟಿನದ್ದು. ಎರಡು ಕರು ಮಾಡಿ, ಶುರುವಿನಿಂದಲೇ ದಿನ ಬಿಟ್ಟು ದಿನ ಬದಲಾಯಿಸಿ ಕೊಡಲು ಅಕ್ಕನಿಗೆ ಹೇಳಿ. ಎರಡೂ ಒಂದೇ ಥರ ಮಾಸುತ್ತವೆ, ಎರಡಕ್ಕೂ ಒಂದೇ ವಾಸನೆ ಹತ್ತುತ್ತದೆ. ಒಂದು ಹಗ್ಗದ ಮೇಲೆ ಒಣಗುತ್ತಿದ್ದರೂ ಮಗುವಿಗೆ ಗೊತ್ತಾಗುವುದಿಲ್ಲ.