ಚದರಡಿಯ ಆಚೆಗಿನ ಲೆಕ್ಕ

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ‘ಚದರಡಿಗೆ ಎಷ್ಟು?’ ಆಮೇಲೆ ಎಷ್ಟು ಬೆಡ್‌ರೂಮು, ಯಾವ ದಿಕ್ಕಿನ ಬಾಗಿಲು, ಕಾರು ನಿಲ್ಲಿಸಲು ಜಾಗ ಇದೆಯೇ, ಖಾತೆ ‘ಎ’ನೋ ‘ಬಿ’ನೋ. ಇವೆಲ್ಲ ಕೇಳಲೇಬೇಕಾದವು. ಆದರೆ ಯಾವ ಏರಿಯಾದಲ್ಲಿ ಕೊಳ್ಳಬೇಕು ಎಂದು ತೀರ್ಮಾನಿಸುವಾಗ ಬೇಕಾದ ಸಂಖ್ಯೆಗಳು ಬ್ರೋಷರಿನಲ್ಲಿ ಇರುವುದಿಲ್ಲ, ಬ್ರೋಕರು ಹೇಳುವುದೂ ಇಲ್ಲ. ಒಮ್ಮೆ ಕಾಗದ, ಪೆನ್ನು ಹಿಡಿದು ಕೂತರೆ ಸಾಕು, ಅವು ಎಷ್ಟು ದೊಡ್ಡವು ಎಂಬುದು ಕಂಡು ಎದೆ ಝಲ್ಲೆನ್ನುತ್ತದೆ.

ಮಳೆಯಿಂದ ಶುರು ಮಾಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಮೂವತ್ತು-ನಲವತ್ತರ ಸೈಟು ಎಂದರೆ 1,200 ಚದರಡಿ, ಹೆಚ್ಚು ಕಡಿಮೆ 111 ಚದರ ಮೀಟರ್. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ 24 ಗಂಟೆಗಳಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಯಿತು. ಅಷ್ಟು ಮಳೆ ಸುರಿದರೆ ಒಂದೇ ಒಂದು ಸೈಟಿನ ಮೇಲೆ ಬೀಳುವ ನೀರು 14,600 ಲೀಟರಿಗೂ ಹೆಚ್ಚು. 12 ಸಾವಿರ ಲೀಟರಿನ ಟ್ಯಾಂಕರ್ ಲಾರಿಯನ್ನು ತುಂಬಿಸಿ, ಮೇಲೆ ಎರಡೂವರೆ ಸಾವಿರ ಲೀಟರ್ ಉಳಿಯುತ್ತದೆ. ಪಕ್ಕದ ಸೈಟಿನ ಮೇಲೂ ಅಷ್ಟೇ, ಅದರಾಚೆಯದರ ಮೇಲೂ ಅಷ್ಟೇ. ಈ ನೀರೆಲ್ಲ ಎಲ್ಲಿಗೆ ಹೋಗಬೇಕು?

ಹೋಗುವ ದಾರಿಯನ್ನು ನೆಲವೇ ಗೊತ್ತು ಮಾಡಿಟ್ಟಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಬ್ಬದ ಮೇಲೆ ಕೂತ ಊರು. ಈ ದಿಬ್ಬದ ಏಣು ಹೆಚ್ಚು ಕಡಿಮೆ ಉತ್ತರ-ದಕ್ಷಿಣವಾಗಿ ನಗರದ ನಡುವೆಯೇ ಹಾದುಹೋಗುತ್ತದೆ. ಏಣಿನ ಪಡುವಣಕ್ಕೆ ಬಿದ್ದ ಹನಿ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ ಇಲ್ಲವೇ ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಊರಿನ ಹೆಚ್ಚಿನ ಮನೆಗಳು ಈ ಮೂರು ಕಣಿವೆಗಳ ಪೈಕಿ ಒಂದರಲ್ಲಿ ಇರುತ್ತವೆ, ಇಲ್ಲವೇ ಅವುಗಳ ನಡುವಿನ ಏಣಿನ ಮೇಲೆ ಇರುತ್ತವೆ. ನಿಮ್ಮದು ಯಾವುದರಲ್ಲಿ, ಎಷ್ಟು ಕೆಳಗೆ ಎಂಬುದು ಅಡುಗೆಮನೆಯ ಗ್ರಾನೈಟಿಗಿಂತ ದೊಡ್ಡ ವಿಷಯ.

ಬೆಳ್ಳಂದೂರು ಕೆರೆಯನ್ನೇ ನೋಡಿ. ಕೆರೆಯ ವಿಸ್ತೀರ್ಣ ಸುಮಾರು 890 ಎಕರೆ, ಅಂದರೆ 3.6 ಚದರ ಕಿಲೋಮೀಟರ್. ಅದಕ್ಕೆ ನೀರು ಹರಿದು ಬರುವ ಜಲಾನಯನ ಪ್ರದೇಶ ಸುಮಾರು 148 ಚದರ ಕಿಲೋಮೀಟರ್, ಕೆರೆಯ ನಲವತ್ತರಷ್ಟು. ಆ ಪ್ರದೇಶದ ಮೇಲೆಲ್ಲ ಒಂದೇ ಸಮನೆ 131.6 ಮಿಲಿಮೀಟರ್ ಮಳೆ ಬಿತ್ತು ಎಂದುಕೊಳ್ಳಿ. ನೀರು ಸುಮಾರು 1,950 ಕೋಟಿ ಲೀಟರ್! ಒಂದು ಹನಿಯೂ ನೆಲಕ್ಕೆ ಇಂಗದೆ ಎಲ್ಲವೂ ಕೆರೆಗೇ ಬಂದರೆ ಕೆರೆಯ ಮಟ್ಟ 5.4 ಮೀಟರ್ ಏರಬೇಕು. ಅಂದರೆ ಒಂದೂಮುಕ್ಕಾಲು ಮಹಡಿ. ಮಣ್ಣು ಇದ್ದ ಕಾಲದಲ್ಲಿ ಮಳೆಯ ಒಂದು ಪಾಲನ್ನು ಅದು ಕುಡಿದುಬಿಡುತ್ತಿತ್ತು. ಮೇಲಿನ ಕೆರೆಗಳು ಇನ್ನಷ್ಟು ಹಿಡಿದಿಟ್ಟುಕೊಂಡು, ತುಂಬಿ ಕೋಡಿ ಬಿದ್ದ ಮೇಲಷ್ಟೇ ಕೆಳಗಿನ ಕೆರೆಗೆ ಬಿಡುತ್ತಿದ್ದವು. ಈಗ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉಳಿದ ನೆಲಕ್ಕೆ ಕಾಂಕ್ರೀಟು, ಡಾಂಬರು. 2022ರ ಆ ವಾರ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅಂದು ಸುರಿದದ್ದು ದೊಡ್ಡ ಮಳೆ, ನಿಜ. ಆದರೆ ನೀರು ಹೊಸ ದಾರಿಯನ್ನೇನೂ ಹುಡುಕಲಿಲ್ಲ, ತನ್ನ ಹಳೆಯ ದಾರಿಯಲ್ಲೇ ಬಂತು.

ತಗ್ಗಿನ ಬಡಾವಣೆಗಳನ್ನು ಬಿಸಿಲುಗಾಲದಲ್ಲಿ ನೋಡಿದರೂ ಗುರುತು ಹತ್ತುತ್ತದೆ. ಕಾಂಪೌಂಡ್ ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಎಳೆದಂತಿರುವ ಕಂದು ಗೆರೆ. ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪಿನ ಬಾಯಲ್ಲಿ ಆಮೇಲೆ ಕಟ್ಟಿದ ಸಿಮೆಂಟ್ ಉಬ್ಬು, ಅದರ ಪಕ್ಕದಲ್ಲೇ ಪೇರಿಸಿಟ್ಟ ಮರಳಿನ ಚೀಲಗಳು. ಸಂಪಿನ ಮುಚ್ಚಳದ ಸುತ್ತ ಎರಡು ವರಸೆ ಇಟ್ಟಿಗೆಯ ಕಟ್ಟೆ. ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿ ಹಾಕಿ ಗೇಟಿನಿಂದ ಅಂಗಳಕ್ಕೆ ಒಂದು ಮೆಟ್ಟಿಲು ಇಳಿಯುವಂತಾಗಿರುವ ಹಳೆಯ ಮನೆಗಳು. ಫ್ಲ್ಯಾಟಿನೊಳಗೆ ನಿಂತು ಬಾಲ್ಕನಿ ನೋಡುವ ಮೊದಲು ಆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದುಬನ್ನಿ.

ಮಳೆ ಹೆಚ್ಚಾದಾಗಿನ ಕಥೆ ಇದಾದರೆ, ಉಳಿದ ದಿನಗಳ ಕಥೆ ಇನ್ನೂ ಬೆರಗಿನದು. ನಮ್ಮ ಎತ್ತರದ ಊರಿಗೆ ದೊಡ್ಡ ಹೊಳೆಯಿಲ್ಲ. ಕುಡಿಯುವ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಮೂಲಕ. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಬಂದಾಗ ದಿನಕ್ಕೆ 13.5 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಸೇರಿ ಒಟ್ಟು ಸಾಮರ್ಥ್ಯ 222.5 ಕೋಟಿ ಲೀಟರಿಗೆ ಏರಿತು. ಆ ನೀರಿನ ತೂಕ 22 ಲಕ್ಷ ಟನ್ನಿಗೂ ಮೇಲೆ. ನಾಲ್ಕು ಸಾವಿರ ಟನ್ ಹೊರುವ ಗೂಡ್ಸ್ ರೈಲಿನಲ್ಲಿ ತರಿಸುವುದಾದರೆ ದಿನಕ್ಕೆ 556 ರೈಲು ಬೇಕು. ಹಗಲೂ ರಾತ್ರಿ, ಎರಡೂವರೆ ನಿಮಿಷಕ್ಕೊಂದರಂತೆ!

ದೂರಕ್ಕಿಂತ ಎತ್ತರದ ಪಾಡು ದೊಡ್ಡದು. ದಾರಿಯಲ್ಲಿ ಮೂರು ಕಡೆ ಇರುವ ಪಂಪುಗಳು ಸೇರಿ ಈ ನೀರಿಗೆ ಸುಮಾರು 500 ಮೀಟರ್ ಮೇಲಕ್ಕೆ ಎತ್ತುವಷ್ಟು ಬಲ ಕೊಡಬೇಕು. ಜೋಗದ ಎತ್ತರ 253 ಮೀಟರ್. ಶರಾವತಿಯನ್ನು ಬುಡದಿಂದ ನೆತ್ತಿಗೆ ಎರಡು ಸಲ ಹತ್ತಿಸಿದಷ್ಟು ಕೆಲಸ ಇದು, ದಿನವೂ ನಡೆಯಬೇಕು. ಪಂಪಿನಲ್ಲಿ ಒಂದಿಷ್ಟೂ ಪೋಲಾಗದು ಎಂದುಕೊಂಡರೂ ಸಾವಿರ ಲೀಟರಿಗೆ 1.36 ಯೂನಿಟ್ ವಿದ್ಯುತ್ ಬೇಕು. ಎಲ್ಲ ಹಂತಗಳೂ ಪೂರ್ತಿ ಓಡಿದರೆ ದಿನಕ್ಕೆ 30 ಲಕ್ಷ ಯೂನಿಟ್. ಪಂಪಿನಿಂದ ಪಂಪಿಗೆ ಇಷ್ಟು ಹತ್ತಿ ಬರುವ ನೀರಿನ ನಲ್ಲಿ ನೀವು ನೋಡುತ್ತಿರುವ ಬೀದಿಯವರೆಗೆ ಬಂದಿದೆಯೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆಯೇ? 2007ರಲ್ಲಿ ಮಹಾನಗರ ಪಾಲಿಕೆಗೆ 110 ಹಳ್ಳಿಗಳನ್ನು ಸೇರಿಸಿದರು. ಆ ಹಳ್ಳಿಗಳಿಗೆಂದೇ ಯೋಜಿಸಿದ ಐದನೇ ಹಂತದ ಉದ್ಘಾಟನೆ ಆದದ್ದು 17 ವರ್ಷಗಳ ನಂತರ. ‘ಕಾವೇರಿ ಬರುತ್ತದೆ ಸಾರ್, ಮುಂದಿನ ವರ್ಷ’ ಎಂಬ ಮಾತನ್ನು ಈ 17ನ್ನು ನೆನಪಿಟ್ಟುಕೊಂಡು ಕೇಳಬೇಕು.

ಕಾವೇರಿ ಬರದಿದ್ದರೆ ಬೋರ್‌ವೆಲ್ ಇದೆಯಲ್ಲ ಎನ್ನುತ್ತಾರೆ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತವರು ಮುಟ್ಟಿದ್ದು ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಯನ್ನು. ಇಂಥ ಗಟ್ಟಿ ಶಿಲೆಯೇ ನಗರದ ಅಡಿಗೂ ಹಾಸಿದೆ. ಅದರಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕವರಿಗೆ ನೀರು, ಹತ್ತಡಿ ಆಚೆ ಕೊರೆಸಿದವರಿಗೆ ಬರೀ ದೂಳು. ಹೊರವಲಯದಲ್ಲಿ 1,500 ಅಡಿ ಕೊರೆಸಿದೆವು ಎಂಬ ಮಾತು ಈಗ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಬೀಳಿಸಬೇಕು. 1,500 ಅಡಿ ಎಂದರೆ 457 ಮೀಟರ್, ಇದೂ ಹತ್ತಿರಹತ್ತಿರ ಎರಡು ಜೋಗ, ನೆಲದೊಳಕ್ಕೆ. 2024ರ ಬೇಸಿಗೆಯಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಎರಡಕ್ಕೆ ಒಂದು.

ಬೋರ್ ಕೈಕೊಟ್ಟ ಮೇಲೆ ಟ್ಯಾಂಕರು. ಇನ್ನೂರು ಫ್ಲ್ಯಾಟಿನ ಒಂದು ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ ನಗರಗಳಿಗೆ ಗೊತ್ತುಮಾಡಿದ 135 ಲೀಟರ್. ದಿನಕ್ಕೆ 1,08,000 ಲೀಟರ್, ಅಂದರೆ 12 ಸಾವಿರ ಲೀಟರಿನ ಒಂಬತ್ತು ಟ್ಯಾಂಕರು. ವರ್ಷಕ್ಕೆ 3,285. ಮನೆಸಾಲ ತೀರುವ 20 ವರ್ಷಕ್ಕೆ 65,700. ಒಂದೊಂದು ಟ್ಯಾಂಕರಿಗೆ ಎಂಟು ಮೀಟರ್ ಜಾಗ ಕೊಟ್ಟು ಒಂದರ ಹಿಂದೆ ಒಂದು ನಿಲ್ಲಿಸಿದರೆ 525 ಕಿಲೋಮೀಟರ್, ಬೆಂಗಳೂರಿನಿಂದ ಬೆಳಗಾವಿಯವರೆಗೆ ಟ್ಯಾಂಕರುಗಳ ಸಾಲು. ಒಂದೇ ಅಪಾರ್ಟ್‌ಮೆಂಟಿಗೆ! 2024ರಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ 12 ಸಾವಿರ ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಎಂದು ಮಿತಿ ಹಾಕಿತ್ತು. ಅದೇ ದರ 20 ವರ್ಷ ಕದಲದೆ ನಿಂತರೂ ಒಟ್ಟು 6.57 ಕೋಟಿ ರೂಪಾಯಿ, ಫ್ಲ್ಯಾಟೊಂದಕ್ಕೆ ಮೂರು ಲಕ್ಷ ದಾಟುತ್ತದೆ. ದರ ಕದಲದೆ ನಿಲ್ಲುತ್ತದೆ ಎಂದು ಯಾರೂ ನಂಬುವುದಿಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಡುತ್ತೇನೆ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಮೂವತ್ತು-ನಲವತ್ತರ ಒಂದು ಸೈಟಿನ ಮೇಲೆ ವರ್ಷಕ್ಕೆ ಬೀಳುವ ನೀರು 1,08,000 ಲೀಟರ್. ನಾಲ್ಕು ಜನರ ಕುಟುಂಬಕ್ಕೆ 200 ದಿನ ಸಾಲುವಷ್ಟು! ಎಲ್ಲವನ್ನೂ ಹಿಡಿಯಲಾಗದು, ಒಪ್ಪೋಣ. ಅರ್ಧ ಹಿಡಿದರೂ ಮೂರು ತಿಂಗಳು ದಾಟುತ್ತದೆ. ಮಳೆನೀರು ಕೊಯ್ಲನ್ನು ಕಾನೂನಿಗೆ ಹೆದರಿ ತೋರಿಕೆಗೆ ಮಾಡಿದ ಕಟ್ಟಡ ಯಾವುದು, ನಿಜವಾಗಿ ನೀರು ಹಿಡಿಯುವ ಕಟ್ಟಡ ಯಾವುದು ಎಂದು ನೋಡಿ ಕೊಳ್ಳುವವರು ನೂರಕ್ಕೆ ಒಬ್ಬರಾದರೂ ಇದ್ದಾರೆಯೇ ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಹೊತ್ತು. ಟಾಮ್‌ಟಾಮ್ ಸಂಸ್ಥೆ ಅಳೆದಂತೆ 2022ರಲ್ಲಿ ಬೆಂಗಳೂರಿನ ಕೇಂದ್ರ ಭಾಗದಲ್ಲಿ 10 ಕಿಲೋಮೀಟರ್ ಸಾಗಲು ಬೇಕಾದದ್ದು ಸರಾಸರಿ 29 ನಿಮಿಷ 10 ಸೆಕೆಂಡ್. ಮನೆಯಿಂದ ಆಫೀಸಿಗೆ 20 ಕಿಲೋಮೀಟರ್ ಇದ್ದು ಇದೇ ವೇಗ ಹಿಡಿದರೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ವರ್ಷಕ್ಕೆ 250 ಕೆಲಸದ ದಿನ, 500 ಗಂಟೆ. 20 ವರ್ಷಕ್ಕೆ 10,000 ಗಂಟೆ. ದಿನಕ್ಕೆ 16 ಗಂಟೆ ಎಚ್ಚರವಿರುತ್ತೇವೆ ಎಂದರೆ 625 ದಿನ, ಎದ್ದಾಗಿನಿಂದ ಮಲಗುವವರೆಗೆ ಬರೀ ರಸ್ತೆಯಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ ದುಪ್ಪಟ್ಟು. ಹೊರವಲಯದ ಫ್ಲ್ಯಾಟು ಇಪ್ಪತ್ತು ಲಕ್ಷ ಅಗ್ಗಕ್ಕೆ ಸಿಕ್ಕಿತು ಎಂದು ಖುಷಿಪಡುವಾಗ ಈ 20,000 ಗಂಟೆಗಳನ್ನೂ ಬರೆದುಕೊಳ್ಳಬೇಕು. ಹಾಗೆ ನೋಡಿದರೆ ನಾವು ಗಂಟೆಗೆ ನೂರು ರೂಪಾಯಿಯಂತೆ ಬದುಕನ್ನು ಮಾರಿಕೊಂಡಿರುತ್ತೇವೆ, ಮಕ್ಕಳ ಶಾಲಾ ವ್ಯಾನಿನ ಹೊತ್ತು ಇನ್ನೂ ಸೇರಿಲ್ಲ.

ಮೆಟ್ರೊ ಈ ಲೆಕ್ಕವನ್ನು ಬದಲಿಸುತ್ತಿದೆ. 2011ರ ಅಕ್ಟೋಬರ್‌ನಲ್ಲಿ 6.7 ಕಿಲೋಮೀಟರಿನಿಂದ ಶುರುವಾದದ್ದು 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಸೇರಿ 96 ಕಿಲೋಮೀಟರ್ ಆಯಿತು. ಆದರೆ ನಿಲ್ದಾಣಕ್ಕೆ ನಡೆದು ಹೋಗುವಂತಿದ್ದರೆ ಮಾತ್ರ ಅದು ನಿಮ್ಮದು. ‘ಮೆಟ್ರೊದಿಂದ ಹತ್ತೇ ನಿಮಿಷ’ ಎಂದವರನ್ನು, ಯಾವ ಗಾಡಿಯಲ್ಲಿ, ಯಾವ ಹೊತ್ತಿನಲ್ಲಿ ಎಂದು ಕೇಳಿ.

ಸಾಲದ ಅಂಕಿ ಎಲ್ಲರಿಗೂ ಗೊತ್ತಿರುವುದೇ. ಒಂದು ಕೋಟಿಗೆ ಶೇ 8.5ರ ಬಡ್ಡಿ, 20 ವರ್ಷ ಎಂದರೆ ಕಂತು ಸುಮಾರು 86,800 ರೂಪಾಯಿ. ಮೊದಲ ಕಂತಿನಲ್ಲಿ 70,800 ಬಡ್ಡಿಗೇ ಹೋಗುತ್ತದೆ, ಅಸಲಿಗೆ ತಲುಪುವುದು 16 ಸಾವಿರ. ಜತೆಗೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಕೂಡಿ ಕೋಟಿಗೆ 7.6 ಲಕ್ಷ. ಏರಿಯಾ ತಪ್ಪಾಯಿತು ಎಂದು ಮಾರಿ ಬೇರೆಡೆ ಕೊಂಡರೆ ಇನ್ನೊಂದು ಸಲ 7.6 ಲಕ್ಷ ಕಟ್ಟಬೇಕು. ಟೈಲ್ಸು ಒಡೆದು ಹಾಕಬಹುದು, ಅಡುಗೆಮನೆ ಬದಲಿಸಬಹುದು. ತಗ್ಗನ್ನು ದಿಬ್ಬ ಮಾಡಲು, ಕಾವೇರಿ ಪೈಪನ್ನು ಎಳೆದು ತರಲು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕನ್ನು ಪಕ್ಕಕ್ಕೆ ಸರಿಸಲು ಯಾವ ಸಾಲವೂ ಸಾಲದು.

1901ರಲ್ಲಿ ಒಂದೂವರೆ ಲಕ್ಷ ಚಿಲ್ಲರೆ ಇದ್ದ ಬೆಂಗಳೂರಿನ ಜನಸಂಖ್ಯೆ 2011ರ ಗಣತಿಯಲ್ಲಿ 84 ಲಕ್ಷ ದಾಟಿತ್ತು. ಇಷ್ಟು ಜನಕ್ಕೂ ಎತ್ತರದ, ನಲ್ಲಿ ನೀರಿನ, ಹತ್ತಿರದ ಜಾಗ ಸಿಗುವುದಿಲ್ಲ ಎಂಬುದು ನಿಜ. ಹಾಗಿದ್ದರೂ ನನ್ನ ಮಾತು ಇಷ್ಟೇ: ಅದೇ ದುಡ್ಡಿಗೆ ತಗ್ಗಿನಲ್ಲಿ ಹೊಸದಾಗಿ ಮೂರು ಬೆಡ್‌ರೂಮು, ಈಜುಕೊಳ ಸಿಗುತ್ತದೆ, ದಿಬ್ಬದ ಮೇಲೆ, ಕಾವೇರಿ ಬರುವ, ಮೆಟ್ರೊಗೆ ನಡೆದು ಹೋಗುವ ದೂರದಲ್ಲಿ ಹಳೆಯ ಎರಡು ಬೆಡ್‌ರೂಮು ಸಿಗುತ್ತದೆ ಎಂದಾದರೆ ಕಣ್ಣು ಮುಚ್ಚಿ ಎರಡನೆಯದನ್ನೇ ಕೊಳ್ಳಿ.

ಮತ್ತೆ, ಜಾಗ ನೋಡಲು ಜನವರಿಯ ಭಾನುವಾರ ಬೆಳಿಗ್ಗೆ ಹೋಗಬೇಡಿ. ಸೆಪ್ಟೆಂಬರಿನ ಮಳೆಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಟ್ಯಾಂಕರು ಬರುವ ಹೊತ್ತಿಗೆ ಒಮ್ಮೆ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ ಹೋಗಿ. ಮೇಂಟೆನೆನ್ಸ್ ಕಚೇರಿಯಲ್ಲಿ ಕಳೆದ ಬೇಸಿಗೆಯ ನೀರಿನ ಬಿಲ್ಲು ತೋರಿಸಲು ಕೇಳಿ. ಸರ್ಕಾರದ್ದೇ ‘ದಿಶಾಂಕ್’ ಆ್ಯಪ್ ಇದೆ, ಅಲ್ಲಿ ಸರ್ವೆ ನಂಬರ್ ಹಾಕಿ ಕೆರೆ, ಹಳ್ಳ, ರಾಜಕಾಲುವೆ ಎಷ್ಟು ಹತ್ತಿರವಿವೆ ಎಂದು ನೀವೇ ನೋಡಿಕೊಳ್ಳಿ. ಟೋಕನ್ ಅಡ್ವಾನ್ಸ್ ಕೇಳುವವರು ಸರ್ವೆ ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ಆ ಮನೆ ನಿಮಗೆ ಬೇಡ.