ಲಂಕೆಗೆ ಮೂರು ದಾರಿ: ರೈಲು ದಡದವರೆಗೆ, ಹಡಗು ಹವೆ ಇದ್ದರೆ, ಉಳಿದೆಲ್ಲ ದಿನ ವಿಮಾನ

ಧನುಷ್ಕೋಡಿಯ ತುದಿಯಿಂದ ಶ್ರೀಲಂಕೆಯ ತಲೈಮನ್ನಾರ್‌ಗೆ ಇರುವ ದೂರ ಸುಮಾರು 30 ಕಿ.ಮೀ. ಮಾತ್ರ. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇದಕ್ಕಿಂತ ಹೆಚ್ಚು ದೂರವಿದೆ. 2017ರಲ್ಲಿ ಅರಿಚಲ್‌ಮುನೈವರೆಗೆ ರಸ್ತೆಯಾದ ಮೇಲೆ ರಾಮೇಶ್ವರ ಯಾತ್ರೆಗೆ ಹೋದ ಕನ್ನಡಿಗರಲ್ಲಿ ಬಹುತೇಕರು ಅಲ್ಲಿಗೂ ಹೋಗಿ ಬರುತ್ತಾರೆ. ಎದುರಿನ ನೀರನ್ನು ನೋಡಿದವರಿಗೆ ಸಹಜವಾಗಿ ಮೂಡುವ ಪ್ರಶ್ನೆ ಒಂದೇ: ಇಲ್ಲಿಂದಲೇ ದಾಟಲು ಸಾಧ್ಯವಿಲ್ಲವೇ?

ಒಂದು ಕಾಲದಲ್ಲಿ ಸಾಧ್ಯವಿತ್ತು. ಅದೂ ಒಂದೇ ಟಿಕೆಟ್‌ನಲ್ಲಿ. ಈಗ ಸಾಧ್ಯವಿಲ್ಲ. ಲಂಕೆಗೆ ಹೋಗಬಯಸುವವರು ರೈಲು, ಹಡಗು, ವಿಮಾನ ಈ ಮೂರರ ನಡುವೆ ಆಯ್ಕೆ ಮಾಡುವಾಗ ಮೊದಲು ದರವನ್ನೂ ನಂತರ ಸಮಯವನ್ನೂ ಹೋಲಿಸುವುದು ವಾಡಿಕೆ. ಆದರೆ ಈ ಸಮುದ್ರದ ವಿಷಯದಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ. ಹೊರಡಬೇಕಾದ ದಿನ ಹೊರಡಲಾಗದಿದ್ದರೆ ಏನು ಗತಿ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ವಾಹನ ಹಿಡಿಯಬೇಕೆಂಬುದು ತಾನಾಗಿಯೇ ಇತ್ಯರ್ಥವಾಗುತ್ತದೆ.

ಒಂದೇ ಟಿಕೆಟ್, ಮೂರು ವಾಹನ

ಪಾಂಬನ್ ಸೇತುವೆ 1914ರ ಫೆಬ್ರುವರಿ 24ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೂ ಮೊದಲು ಭಾರತದಿಂದ ಸಿಲೋನಿಗೆ ಹೋಗುವವರು ರೈಲಿನಲ್ಲಿ ತೂತ್ತುಕುಡಿಗೆ ತೆರಳಿ, ಅಲ್ಲಿಂದ ಕೊಲಂಬೊಗೆ ಹಡಗು ಹಿಡಿಯಬೇಕಾಗಿತ್ತು. ಸೇತುವೆಯಾದ ಬಳಿಕ ಮದರಾಸಿನಿಂದ ಹೊರಟ ರೈಲು ನೇರವಾಗಿ ಧನುಷ್ಕೋಡಿಯ ಹಡಗುಕಟ್ಟೆಗೇ ಬಂದು ನಿಲ್ಲುತ್ತಿತ್ತು. ಪ್ರಯಾಣಿಕರು ಇಳಿದು ಹಡಗು ಹತ್ತುತ್ತಿದ್ದರು, ತಲೈಮನ್ನಾರ್‌ನಲ್ಲಿ ಇಳಿದು ಕಾದಿದ್ದ ಕೊಲಂಬೊ ರೈಲು ಏರುತ್ತಿದ್ದರು. ಜನ ಇದನ್ನು ‘ಬೋಟ್ ಮೇಲ್’ ಎಂದು ಕರೆದರು. ‘ಇರ್ವಿನ್’, ‘ಗೋಷೆನ್’ ಎಂಬ ಹಡಗುಗಳು ಬಹುಕಾಲ ಈ ಕೊಂಡಿಯಾಗಿದ್ದವು.

ರೈಲು ಡಬ್ಬಿಗಳನ್ನೇ ಹಡಗಿಗೆ ಏರಿಸಿ ಸಮುದ್ರ ದಾಟಿಸುವ ವ್ಯವಸ್ಥೆ ಯುರೋಪಿನಲ್ಲಿತ್ತು. ಲಂಡನ್ ಮತ್ತು ಪ್ಯಾರಿಸ್ ನಡುವೆ 1936ರಿಂದ 1980ರವರೆಗೆ ಓಡಿದ ‘ನೈಟ್ ಫೆರಿ’ ರೈಲಿನ ಪ್ರಯಾಣಿಕರು ಮಲಗಿದ್ದಲ್ಲೇ ಇಂಗ್ಲಿಷ್ ಕಾಲುವೆಯನ್ನು ದಾಟುತ್ತಿದ್ದರು. ಇಲ್ಲಿ ಅಂಥದ್ದಕ್ಕೆ ಒಂದು ಸರಳ ತೊಡಕಿತ್ತು. ಧನುಷ್ಕೋಡಿಗೆ ಬರುತ್ತಿದ್ದುದು ಮೀಟರ್ ಗೇಜ್ ರೈಲು, ತಲೈಮನ್ನಾರ್‌ನಿಂದ ಹೊರಡುತ್ತಿದ್ದುದು ಬ್ರಾಡ್ ಗೇಜ್ ರೈಲು. ಈ ದಡದ ಡಬ್ಬಿ ಆ ದಡದ ಹಳಿಯ ಮೇಲೆ ನಿಲ್ಲುವಂತೆಯೇ ಇರಲಿಲ್ಲ.

1964ರ ಡಿಸೆಂಬರ್ 22ರ ರಾತ್ರಿ ಎದ್ದ ಚಂಡಮಾರುತ ಈ ವ್ಯವಸ್ಥೆಗೆ ತೆರೆ ಎಳೆಯಿತು. ಪಾಂಬನ್‌ನಿಂದ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ರೈಲು ನಿಲ್ದಾಣ ಇನ್ನೇನು ಹತ್ತಿರವಾಯಿತು ಎನ್ನುವಾಗ ಅಲೆಗಳಿಗೆ ಸಿಲುಕಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಧನುಷ್ಕೋಡಿ ಪಟ್ಟಣವೂ ನಾಶವಾಯಿತು. ಅದು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಘೋಷಿಸಿತು. ಪಾಂಬನ್ ಸೇತುವೆಯ ಬಹುಪಾಲು ತೊಲೆಗಳು ಕೊಚ್ಚಿಹೋದರೂ, ಮುಂದೆ ಕೊಂಕಣ ರೈಲ್ವೆಯಿಂದ ಕನ್ನಡಿಗರಿಗೆ ಚಿರಪರಿಚಿತರಾದ ಇ. ಶ್ರೀಧರನ್ ನೇತೃತ್ವದಲ್ಲಿ 46 ದಿನಗಳಲ್ಲಿ ಅದು ಮತ್ತೆ ಎದ್ದು ನಿಂತಿತು. ಧನುಷ್ಕೋಡಿಯ ಹಳಿ ಮಾತ್ರ ಮತ್ತೆ ಬರಲಿಲ್ಲ. ರಾಮೇಶ್ವರದಿಂದ ತಲೈಮನ್ನಾರ್‌ಗೆ ಹಡಗು ಕೆಲವು ವರ್ಷ ನಡೆಯಿತಾದರೂ 1980ರ ದಶಕದಲ್ಲಿ ಲಂಕೆಯ ಅಂತರ್ಯುದ್ಧದೊಂದಿಗೆ ಅದೂ ನಿಂತಿತು. ಚೆನ್ನೈ–ರಾಮೇಶ್ವರ ರೈಲನ್ನು ಹಳಬರು ಈಗಲೂ ‘ಬೋಟ್ ಮೇಲ್’ ಎನ್ನುತ್ತಾರೆ. ಬೋಟ್ ಇಲ್ಲದ ಬೋಟ್ ಮೇಲ್.

ಹಡಗಿನ ಪಂಚಾಂಗ

ಹಡಗಿನ ದಾರಿ ಈಗ ರಾಮೇಶ್ವರದಿಂದಲ್ಲ, ಉತ್ತರದ ನಾಗಪಟ್ಟಣಂನಿಂದ. ಅಲ್ಲಿಂದ ಜಾಫ್ನಾ ಸಮೀಪದ ಕಂಕೇಸನ್‌ತುರೈಗೆ ಸುಮಾರು 110 ಕಿ.ಮೀ. ಸಮುದ್ರಯಾನ, ಸುಮಾರು ನಾಲ್ಕು ಗಂಟೆಯ ಅವಧಿ. 2023ರ ಅಕ್ಟೋಬರ್ 14ರಂದು ‘ಚೆರಿಯಪಾನಿ’ ಎಂಬ 150 ಆಸನಗಳ ವೇಗದ ದೋಣಿಯೊಂದಿಗೆ ಈ ಸೇವೆಗೆ ಚಾಲನೆ ದೊರೆಯಿತು. ಒಂದು ವಾರ ತುಂಬುವ ಮೊದಲೇ, ಅಕ್ಟೋಬರ್ 20ರಂದು, ಹವಾಮಾನದ ಕಾರಣಕ್ಕೆ ಸೇವೆ ನಿಂತಿತು. ಬೇರೆ ದೋಣಿ, ಬೇರೆ ನಿರ್ವಾಹಕರೊಂದಿಗೆ ಅದು ಮತ್ತೆ ಆರಂಭವಾದದ್ದು 2024ರ ಆಗಸ್ಟ್ 16ರಂದು. ಈ ಬಾರಿಯ ದೋಣಿಯ ಹೆಸರು ‘ಶಿವಗಂಗೈ’. ನವೆಂಬರ್‌ನಲ್ಲಿ ಮತ್ತೆ ವಿರಾಮ. 2025ರ ಫೆಬ್ರುವರಿಯಲ್ಲಿ ಮತ್ತೆ ಆರಂಭ.

ಈ ದಿನಾಂಕಗಳನ್ನು ಕಂಡು ಆಡಳಿತದ ಅಸಡ್ಡೆ ಎಂದು ಯಾರಾದರೂ ಭಾವಿಸಿದರೆ ಅದು ಪೂರ್ತಿ ಸರಿಯಲ್ಲ. ಪಾಕ್ ಜಲಸಂಧಿ ಆಳವಿಲ್ಲದ ಸಮುದ್ರ. ಇದೇ ಕಾರಣಕ್ಕೆ ಭಾರತದ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ಹೋಗುವ ದೊಡ್ಡ ಹಡಗುಗಳು ಲಂಕೆಯನ್ನು ಬಳಸಿಕೊಂಡೇ ಹೋಗುತ್ತವೆ. 2005ರಲ್ಲಿ ಆರಂಭವಾಗಿ ನಡುವೆಯೇ ನಿಂತ ಸೇತುಸಮುದ್ರಂ ಯೋಜನೆಯ ಉದ್ದೇಶವೂ ಇಲ್ಲಿ ಹೂಳೆತ್ತಿ ಹಡಗಿಗೆ ದಾರಿ ಮಾಡುವುದೇ ಆಗಿತ್ತು. ಇಂಥ ನೀರಿಗೆ ಹೊಂದುವುದು ಚಿಕ್ಕ, ಹಗುರ ದೋಣಿ. ಆದರೆ ಚಿಕ್ಕ ದೋಣಿಯು ದೊಡ್ಡ ಅಲೆಯನ್ನು ತಾಳಲಾರದು. ಜಲಸಂಧಿಯ ಬಾಯಿ ಈಶಾನ್ಯಕ್ಕೆ, ಬಂಗಾಳ ಕೊಲ್ಲಿಯ ಕಡೆಗೆ ತೆರೆದಿದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನ ಗಾಳಿ ಬೀಸುವುದೂ ಅದೇ ದಿಕ್ಕಿನಿಂದ. ಹೀಗಾಗಿ ದಸರಾ ರಜೆಗೋ ದೀಪಾವಳಿಗೋ ಲಂಕೆಗೆ ಹಡಗಿನಲ್ಲಿ ಹೋಗೋಣವೆಂದು ಲೆಕ್ಕ ಹಾಕುವವರು, ಸೇವೆ ರದ್ದಾಗುವ ಸಂಭವ ಅತಿ ಹೆಚ್ಚಿರುವ ದಿನಗಳನ್ನೇ ಆರಿಸಿಕೊಂಡಂತಾಗುತ್ತದೆ. ಫೆಬ್ರುವರಿಯಿಂದ ಆಗಸ್ಟ್–ಸೆಪ್ಟೆಂಬರ್‌ವರೆಗಿನ ಅವಧಿ ವಾಸಿ. ಆಗಲೂ ಆಯಾ ದಿನದ ಗಾಳಿಯ ಮಾತೇ ಅಂತಿಮ.

ದರದ ವಿಷಯ. 2023ರಲ್ಲಿ ಒಂದು ಬದಿಯ ಟಿಕೆಟ್‌ಗೆ ತೆರಿಗೆ ಸೇರಿ 7,670 ರೂಪಾಯಿ ನಿಗದಿಯಾಗಿತ್ತು. 2024ರಲ್ಲಿ ಅದು ಸುಮಾರು 5,000 ರೂಪಾಯಿಗೆ ಇಳಿಯಿತು. ಕರ್ನಾಟಕದಿಂದ ಹೊರಡುವವರು ಇದಕ್ಕೆ ನಾಗಪಟ್ಟಣಂ ತಲುಪುವ ಖರ್ಚನ್ನು ಸೇರಿಸಬೇಕು. ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಮಯಿಲಾಡುತುರೈ ಕಡೆಗೆ ರಾತ್ರಿ ರೈಲಿದೆ. ತಂಜಾವೂರಿನಲ್ಲಿ ಅಥವಾ ಮಯಿಲಾಡುತುರೈಯಲ್ಲಿ ಇಳಿದು ಮುಂದೆ ಸಾಗಬಹುದು. ವಲಸೆ ಮತ್ತು ಸುಂಕದ ತಪಾಸಣೆ ಬಂದರಿನಲ್ಲಿಯೇ ನಡೆಯುವುದರಿಂದ ಹಿಂದಿನ ದಿನವೇ ಊರು ಸೇರಿರುವುದು ಕ್ಷೇಮ. ಅಂದರೆ ಒಂದು ರಾತ್ರಿಯ ವಸತಿಯ ಖರ್ಚೂ ಬಂತು. ಇಷ್ಟನ್ನೂ ಕೂಡಿದರೆ ‘ಹಡಗು ಅಗ್ಗ’ ಎಂಬ ಮಾತು ಬೆಂಗಳೂರಿಗರ ಪಾಲಿಗೆ ಅಷ್ಟೇನೂ ನಿಜವಲ್ಲ.

ಹಾಗಿದ್ದರೆ ಹಡಗು ಯಾರಿಗೆ? ಮೊದಲನೆಯದಾಗಿ, ಸಾಮಾನು ಹೊರುವವರಿಗೆ. 2023ರಲ್ಲಿ ಸೇವೆ ಆರಂಭವಾದಾಗ ತಲಾ 50 ಕಿಲೊ ಸಾಮಾನಿಗೆ ಅವಕಾಶವಿತ್ತು (ನಿಯಮ ಬದಲಾಗುವಂಥದ್ದು, ಟಿಕೆಟ್ ಕೊಳ್ಳುವಾಗಲೇ ಖಚಿತಪಡಿಸಿಕೊಳ್ಳಬೇಕು). ಪ್ರವಾಸಿಗೆ ಇದು ಚಿಕ್ಕ ವಿಷಯ. ಆದರೆ ಯುದ್ಧದ ವರ್ಷಗಳಲ್ಲಿ ಮೀನುಗಾರಿಕೆ ದೋಣಿಗಳಲ್ಲಿ ತಮಿಳುನಾಡಿನ ತೀರಕ್ಕೆ ಬಂದು, ಶಿಬಿರಗಳಲ್ಲಿ ಸಂಸಾರ ಕಟ್ಟಿದ ಲಂಕಾ ತಮಿಳರಿಗೆ ಇದು ಬದುಕಿನ ಪ್ರಶ್ನೆ. ಊರಿಗೆ ಮರಳುವ ಕುಟುಂಬ ಪಾತ್ರೆ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕಗಳನ್ನು ವಿಮಾನದ ತೂಕದ ಮಿತಿಯೊಳಗೆ ಹೇಗೆ ಕೂಡಿಸುವುದು? 2011ರ ಜೂನ್‌ನಲ್ಲಿ ತೂತ್ತುಕುಡಿ–ಕೊಲಂಬೊ ನಡುವೆ ‘ಸ್ಕೋಟಿಯಾ ಪ್ರಿನ್ಸ್’ ಎಂಬ ದೊಡ್ಡ ಹಡಗು ಓಡತೊಡಗಿದಾಗ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯು ಸ್ವಇಚ್ಛೆಯಿಂದ ಮರಳುವವರನ್ನು ಅದೇ ಅಕ್ಟೋಬರ್‌ನಲ್ಲಿ ಆ ಹಡಗಿನಲ್ಲಿ ಕಳುಹಿಸಲು ಆರಂಭಿಸಿದ್ದು ಹೆಚ್ಚು ಸಾಮಾನು ಒಯ್ಯಬಹುದೆಂಬ ಕಾರಣಕ್ಕೇ. ಮರುತಿಂಗಳೇ ಆ ಹಡಗು ನಿಂತುಹೋಯಿತು.

ಎರಡನೆಯದಾಗಿ, ಜಾಫ್ನಾಕ್ಕೇ ಹೋಗಬೇಕಾದವರಿಗೆ ಮತ್ತು ಕೈಯಲ್ಲಿ ನಾಲ್ಕು ದಿನ ಹೆಚ್ಚಿಗೆ ಇರುವವರಿಗೆ. ಕಂಕೇಸನ್‌ತುರೈಯಿಂದ ಜಾಫ್ನಾ ಪಟ್ಟಣ ಇಪ್ಪತ್ತು ಕಿ.ಮೀ. ಒಳಗೆ. ಆದರೆ ಕೊಲಂಬೊ ಅಲ್ಲಿಂದ ಸುಮಾರು 400 ಕಿ.ಮೀ. ದೂರ. ಕ್ಯಾಂಡಿ, ನುವಾರ ಎಲಿಯ, ಗಾಲ್ ನೋಡಹೊರಟವರು ಈ ದಾರಿ ಹಿಡಿದರೆ ಲಂಕೆಯ ಉದ್ದವನ್ನೇ ಅಳೆಯಬೇಕಾಗುತ್ತದೆ. ಯುದ್ಧದಲ್ಲಿ ಹಾಳಾಗಿದ್ದ ಜಾಫ್ನಾ ರೈಲು ಮಾರ್ಗ ಭಾರತದ ಇರ್ಕಾನ್ ಸಂಸ್ಥೆಯ ಕೈಯಲ್ಲಿ ಮರುನಿರ್ಮಾಣಗೊಂಡು 2014ರ ಅಕ್ಟೋಬರ್‌ನಲ್ಲಿ ತೆರೆದಿತ್ತು. ಆದರೆ 2025ರ ನವೆಂಬರ್ ಕೊನೆಯ ‘ದಿತ್ವಾ’ ಚಂಡಮಾರುತ ಶ್ರೀಲಂಕೆಯ ರೈಲು ಜಾಲಕ್ಕೆ ಭಾರಿ ಹಾನಿ ಮಾಡಿದೆ. ಲಂಕೆಯೊಳಗೆ ರೈಲನ್ನು ನೆಚ್ಚಿಕೊಂಡವರು ಹೊರಡುವ ಮುನ್ನ ವಿಚಾರಿಸಿಕೊಳ್ಳಲೇಬೇಕು.

ವಿಮಾನದ ಬಗ್ಗೆ ಹೇಳುವುದು ಕಡಿಮೆ, ಅದೇ ಅದರ ಹೆಚ್ಚುಗಾರಿಕೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನಗಳಿದ್ದು, ಸುಮಾರು 700 ಕಿ.ಮೀ. ದೂರವನ್ನು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಕ್ರಮಿಸುತ್ತವೆ. ಒಂದು ವಿಮಾನ ತಪ್ಪಿದರೆ ಮತ್ತೊಂದಿದೆ. ನೇರ ವಿಮಾನ ಸಿಗದಿದ್ದರೆ ಚೆನ್ನೈ ಇದೆ. ಜಾಫ್ನಾಕ್ಕೆ ಹೋಗುವವರಿಗೂ ಈಗ ವಿಮಾನವಿದೆ. 2019ರ ಅಕ್ಟೋಬರ್‌ನಲ್ಲಿ ಪಲಾಲಿ ನಿಲ್ದಾಣ ಅಂತರರಾಷ್ಟ್ರೀಯ ದರ್ಜೆ ಪಡೆಯಿತು. ಚೆನ್ನೈಯಿಂದ ಆರಂಭವಾದ ಸೇವೆ ಕೋವಿಡ್‌ನಿಂದ ನಿಂತು, 2022ರ ಡಿಸೆಂಬರ್‌ನಲ್ಲಿ ಪುನರಾರಂಭವಾಯಿತು. 2024ರ ಸೆಪ್ಟೆಂಬರ್‌ನಿಂದ ಇಂಡಿಗೊ ಕೂಡ ಸೇರಿಕೊಂಡಿತು. ಪಲಾಲಿಗೆ ಬರುವವು ಚಿಕ್ಕ ಎಟಿಆರ್ ವಿಮಾನಗಳು. ಹೆಚ್ಚು ಸಾಮಾನು ಇರುವವರು ಮೊದಲೇ ವಿಚಾರಿಸುವುದು ಒಳಿತು.

ಹೋಗುವಾಗ ಹಡಗು, ಬರುವಾಗ ವಿಮಾನ

ಸಮುದ್ರಯಾನದ ಆಸೆ ಇದ್ದು, ರಜೆಯೂ ಮಿತವಾಗಿದ್ದರೆ ಒಂದು ನಡುದಾರಿಯಿದೆ: ಹಡಗಿನಲ್ಲಿ ಹೋಗಿ ವಿಮಾನದಲ್ಲಿ ಮರಳುವುದು. ಹೋಗುವ ದಿನ ಹಡಗು ರದ್ದಾದರೆ ಪ್ರಯಾಣಿಕ ಇನ್ನೂ ಸ್ವದೇಶದಲ್ಲಿಯೇ ಇರುತ್ತಾನೆ. ತಂಜಾವೂರು, ಕುಂಭಕೋಣ ನೋಡಿಯಾದರೂ ಮರಳಬಹುದು. ಬರುವ ದಿನ ರದ್ದಾದರೆ ಸಂಗತಿ ಬೇರೆ. ಪರದೇಶದಲ್ಲಿ ವಸತಿ, ಮುಗಿಯುತ್ತ ಬಂದ ವೀಸಾ, ಕಚೇರಿಯ ರಜೆ, ಮುಂದಿನ ರೈಲಿನ ಕಾಯ್ದಿರಿಸಿದ ಟಿಕೆಟ್ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ದೋಣಿ ಸಂಸ್ಥೆ ಟಿಕೆಟ್ ಹಣವನ್ನು ಮರಳಿಸಬಹುದು, ಉಳಿದವನ್ನು ಯಾರೂ ಮರಳಿಸುವುದಿಲ್ಲ. ಹೋಗಿಬರುವ ಹಡಗು ಟಿಕೆಟ್‌ನಲ್ಲಿ ಉಳಿಯುವ ಒಂದೆರಡು ಸಾವಿರಕ್ಕಾಗಿ ಈ ಅಪಾಯ ಮೈಮೇಲೆ ಎಳೆದುಕೊಳ್ಳುವುದು ಲಾಭದ ವ್ಯಾಪಾರವೆನಿಸದು.

ಲಂಕೆಯ ಪ್ರವೇಶ ನಿಯಮಗಳು, ಶುಲ್ಕಗಳು ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಬದಲಾಗಿವೆ. ಸರ್ಕಾರದ ಅಧಿಕೃತ ತಾಣದಲ್ಲಿ ಪರಿಶೀಲಿಸದೆ ಯಾವ ಟಿಕೆಟನ್ನೂ ಕೊಳ್ಳಬಾರದು.

ಇನ್ನು ಮೂವತ್ತು ಕಿ.ಮೀ.ಗಳ ಹಳೆಯ ದಾರಿಯ ಮಾತು. ತಲೈಮನ್ನಾರ್ ಹಡಗುಕಟ್ಟೆಯವರೆಗಿನ ರೈಲು ಮಾರ್ಗ 2015ರ ಮಾರ್ಚ್‌ನಲ್ಲಿ ಮತ್ತೆ ತೆರೆಯಿತು. ಈ ಬದಿಯಲ್ಲಿ, 2022ರ ಡಿಸೆಂಬರ್‌ನಿಂದ ರಾಮೇಶ್ವರಕ್ಕೆ ನಿಂತಿದ್ದ ರೈಲು ಹೊಸ ಪಾಂಬನ್ ಸೇತುವೆಯ ಮೇಲೆ 2025ರ ಏಪ್ರಿಲ್ 6ರಂದು ಮತ್ತೆ ಓಡಿತು. ಎರಡೂ ಕಡೆ ಈಗ ಬ್ರಾಡ್ ಗೇಜ್ ಹಳಿ. ರಾಮೇಶ್ವರ–ತಲೈಮನ್ನಾರ್ ನಡುವೆ ಹಡಗು ಸೇವೆ ಆರಂಭಿಸಲು ಶ್ರಮಿಸುವುದಾಗಿ 2024ರ ಡಿಸೆಂಬರ್‌ನಲ್ಲಿ ಉಭಯ ದೇಶಗಳು ಜಂಟಿ ಹೇಳಿಕೆಯಲ್ಲಿ ತಿಳಿಸಿವೆ.