ಮರಗಾಲು ಕಟ್ಟಿದ ನೊಣ

ನೊಣ ಅಂದ ಕೂಡಲೇ ನೆನಪಾಗುವುದು ಬೆಲ್ಲದ ಡಬ್ಬಿಯ ಸುತ್ತ ಗುಂಯ್‌ಗುಡುವ ಮನೆನೊಣ. ಆದರೆ ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಹಿತ್ತಲಿಗೆ ಇನ್ನೊಂದು ಬಗೆಯ ನೊಣವೂ ಬರುತ್ತದೆ. ಕಡ್ಡಿಯಂಥ ಕಪ್ಪು ಮೈ, ರೆಕ್ಕೆಯ ಮೇಲೆ ಬೂದು ಮಚ್ಚೆ, ಮೈಗೆ ಹೊಂದದಷ್ಟು ಉದ್ದದ ಕಾಲು. ಎಲೆಯ ಮೇಲೆ ಅದು ನಡೆಯುವುದನ್ನು ಕಂಡರೆ ಜಾತ್ರೆಯಲ್ಲಿ ಮರಗಾಲು ಕಟ್ಟಿ ಕುಣಿಯುವವರು ನೆನಪಾಗುತ್ತಾರೆ.

ನನ್ನ ಮೊಮ್ಮಗಳು ಅದನ್ನು ನೋಡಿ, "ಅಜ್ಜ, ಇದು ಕೈ ಬೀಸಿ ಕರೀತಿದೆ!" ಎಂದಳು. ಅವಳು ಹೇಳಿದ್ದು ಸರಿಯೇ. ಈ ನೊಣ ನಡುಗಾಲು, ಹಿಂಗಾಲುಗಳ ಮೇಲೆ ನಿಂತು ಮುಂಗಾಲುಗಳನ್ನು ಮುಖದ ಮುಂದೆ ಎತ್ತಿ ಆಡಿಸುತ್ತದೆ. ಯಾಕೆ ಗೊತ್ತೇ ಮಕ್ಕಳೇ? ಕಣಜಗಳಿಗೆ ಉದ್ದನೆಯ ಮೀಸೆಗಳಿರುತ್ತವೆ, ಅವನ್ನು ಸದಾ ಆಡಿಸುತ್ತವೆ. ನೊಣದ ಮೀಸೆ ತೀರಾ ಗಿಡ್ಡ. ಹಾಗಾಗಿ ಕಾಲನ್ನೇ ಮೀಸೆಯಂತೆ ಆಡಿಸಿ, "ನಾನೂ ಕಣಜ, ಹತ್ತಿರ ಬರಬೇಡಿ" ಎಂದು ಹೆದರಿಸುವ ವೇಷ ಇದು ಎಂಬುದು ಕೀಟತಜ್ಞರ ಅಭಿಪ್ರಾಯ. ಈ ಬಳಗದ ಕೆಲವು ನೊಣಗಳ ಮುಂಗಾಲ ತುದಿ ಬೆಳ್ಳಗಿದ್ದು, ವೇಷ ಇನ್ನಷ್ಟು ಎದ್ದು ಕಾಣುತ್ತದೆ. ಗುಟ್ಟು ಪತ್ತೆ ಮಾಡಬೇಕೆ? ರೆಕ್ಕೆ ಎಣಿಸಿ. ಕಣಜಕ್ಕೆ ನಾಲ್ಕು, ನೊಣಕ್ಕೆ ಎರಡೇ.

ಈ ನೊಣಗಳ ಕುಟುಂಬದ ಹೆಸರು ಮೈಕ್ರೊಪೆಜಿಡೆ. ಲೋಕದಲ್ಲಿ ಹೆಸರಿಟ್ಟಿರುವ ನೊಣ, ಸೊಳ್ಳೆಗಳೇ ಒಂದೂವರೆ ಲಕ್ಷ ಬಗೆ; ಅದರಲ್ಲಿ ಈ ಕುಟುಂಬದ ಪಾಲು ಐನೂರು ಚಿಲ್ಲರೆ. ಹೆಚ್ಚಿನವು ಬಿಸಿ ನಾಡುಗಳ ವಾಸಿಗಳು. 1803ರಲ್ಲಿ ಜರ್ಮನಿಯ ಕೀಟಶಾಸ್ತ್ರಜ್ಞ ಮೈಗನ್ ಇವುಗಳಲ್ಲಿ ಒಂದು ಗುಂಪಿಗೆ ಮೈಕ್ರೊಪೆಜ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ 'ಸಣ್ಣ ಪಾದ'! ಉದ್ದಗಾಲಿನ ನೊಣಕ್ಕೆ ಎಂಥ ಹೆಸರು ಎಂದು ನಗಬೇಡಿ. ಉಳಿದ ನಾಲ್ಕು ಕಾಲುಗಳ ಪಕ್ಕದಲ್ಲಿಟ್ಟು ನೋಡಿದರೆ ಮುಂಗಾಲು ಗಿಡ್ಡವೇ.

ಇನ್ನು ಹಿರಿಯರಿಗೊಂದು ಮಾತು. ಶುಂಠಿ ಬೆಳೆಯುವ ಊರುಗಳಲ್ಲಿ ಈ ಬಳಗದ ಒಂದು ನೊಣದ ಮೇಲೆ ದೊಡ್ಡ ಆರೋಪವಿದೆ. ಅದರ ಹೆಸರು ಮಿಮೆಗ್ರಾಲ ಸೆರುಲಿಫ್ರಾನ್ಸ್. ಕೊಳೆತ ಗಡ್ಡೆಯನ್ನು ಬಿಡಿಸಿದರೆ ಒಳಗೆ ಇದರ ಬಿಳಿ ಹುಳುಗಳು ಮಿಜಿಗುಟ್ಟುತ್ತಿರುತ್ತವೆ. 'ಬೆಳೆ ಕೆಡಿಸಿದ್ದು ಇದೇ' ಎಂದು ನೊಣ ಕಂಡ ಕೂಡಲೇ ವಿಷದ ಕ್ಯಾನು ಹೊತ್ತು ಹೊರಟವರನ್ನು ನಾನು ಕಂಡಿದ್ದೇನೆ. ಆದರೆ ಕೇರಳದಲ್ಲಿ ನಡೆದ ಅಧ್ಯಯನಗಳಲ್ಲಿ ಕಂಡದ್ದು ಬೇರೆ: ಹುಳುಗಳು ಸಿಕ್ಕಿದ್ದು ಮೊದಲೇ ರೋಗ ಹತ್ತಿದ ಗಡ್ಡೆಗಳಲ್ಲಿ. ಗಡ್ಡೆ ಕೊಳೆಸುವ ಮುಖ್ಯ ಅಪರಾಧಿ ಪೈಥಿಯಮ್ ಎಂಬ ಸೂಕ್ಷ್ಮಜೀವಿ. ಅದರ ಬೀಜಕಣಗಳು ನಿಂತ ನೀರಿನಲ್ಲಿ ಈಜಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತವೆ. ನೊಣ ಆಮೇಲೆ ಬಂದ ನೆಂಟ.

ಇದರಲ್ಲಿ ರೈತನ ಲಾಭ ನಷ್ಟದ ಪ್ರಶ್ನೆಯಿದೆ. ನೊಣ ಕೊಲ್ಲುವ ಔಷಧಿಯಿಂದ ಪೈಥಿಯಮ್ ಸಾಯುವುದಿಲ್ಲ. ದುಡ್ಡೂ ಹೋಯಿತು, ಶುಂಠಿಯೂ ಹೋಯಿತು. ರೋಗವಿಲ್ಲದ ಹೊಲದಿಂದ ಬೀಜದ ಗಡ್ಡೆ ಆರಿಸುವುದು, ಏರುಮಡಿ ಮಾಡಿ ಬಸಿಗಾಲುವೆ ತೆಗೆಯುವುದು, ಒಂದೇ ನೆಲದಲ್ಲಿ ವರ್ಷವರ್ಷವೂ ಶುಂಠಿ ಹಾಕದಿರುವುದು, ಬುಡ ಮೆತ್ತಗಾಗಿ ಹಳದಿ ತಿರುಗಿದ ಗಿಡವನ್ನು ಸುತ್ತಲ ಮಣ್ಣಿನ ಸಮೇತ ಕಿತ್ತು ದೂರ ಹಾಕುವುದು, ಇವೇ ನಿಜವಾದ ಕಾವಲು.

ಈ ಕುಟುಂಬದ ಬಹುಪಾಲು ಮರಿಹುಳುಗಳ ಊಟ ಕೊಳೆತ ಕಾಂಡ, ಗಡ್ಡೆ, ದರಗು. ಹಿತ್ತಲ ಕಸವನ್ನು ಮಣ್ಣು ಮಾಡುವ ಕೆಲಸದಲ್ಲಿ ಇವುಗಳ ಕೈಯೂ ಇದೆ.

ಮಕ್ಕಳೇ, ಈ ಮಳೆಗಾಲದಲ್ಲಿ ಅಜ್ಜಿಯನ್ನೋ ಅಜ್ಜನನ್ನೋ ಕರೆದುಕೊಂಡು ಹಿತ್ತಲಿಗೆ ಹೋಗಿ. ಬಾಳೆ ಬುಡದಲ್ಲಿ, ಅಗಲ ಎಲೆಗಳ ಮೇಲೆ ಹುಡುಕಿ. ಸದ್ದು ಮಾಡದೆ ಕೂತರೆ ಮರಗಾಲಿನ ನೊಣ ಕೈ ಬೀಸೀತು. ಹಿಡಿಯಬೇಡಿ, ಅದರ ಕಾಲು ಬಹಳ ನಾಜೂಕು.